ಚಿಗರಿ ತಂದ ಬದನೆಕಾಯಿ

ಲಗಮವ್ವಕ್ಕ, ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ನಾಯಿ ಚಿಗರಿಯನ್ನು ನನ್ನ ಮನೆಯಲ್ಲಿ ಬಿಟ್ಟು ಹೋದ ಎರಡು ತಿಂಗಳಲ್ಲಿ ನಾನು ಅದಕ್ಕೆ ನೀವು ಹೇಳಿಕೊಟ್ಟ ಆಟ ಆಡಿಸಿದ್ದು ಎಂಟೇ ದಿನ. ದಿನಾ ಆಡಿಸಿದ್ದೇನೆ ಎಂದು ನಿಮ್ಮ ಮುಖ ನೋಡಿ ಹೇಳಿದೆ. ಆಮೇಲೆ ನಿಮ್ಮ ಗಬ್ಬದ ಕುರಿಯೊಂದು ಸತ್ತಿತು, ನೀವು ಮೂರು ವರ್ಷ ಇನ್ನೊಬ್ಬರ ಹಿಂಡಿನ ಹಿಂದೆ ನಡೆದಿರಿ, ಚಿಗರಿಗೆ ದಡ್ಡ ನಾಯಿ ಎಂಬ ಹೆಸರು ಬಂತು. ನಾನು ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಬಿಡಲಿಲ್ಲ.

ನಿಮಗೆ ಓದು ಬರುವುದಿಲ್ಲ. ಇದನ್ನು ನಾನೇ ಓದಿ ಹೇಳುವವನು — ನಿಮ್ಮ ಜನ ಎಲ್ಲ ಸೇರಿ ಕೂತಿರುವಾಗ. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ಅವರಿಗೂ ಗೊತ್ತಾಗಬೇಕಲ್ಲ.

ಆಗ ನನಗೆ ಇಪ್ಪತ್ತೆಂಟು. ಗೋಕಾಕಿನಲ್ಲಿ ನಮ್ಮದು ಮರದ ಹಣ್ಣು-ತರಕಾರಿ ಮಾಡುವ ಮನೆತನ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಿದು, ಬಿಳಿ ಮಣ್ಣು ಹಚ್ಚಿ, ಮೇಲೆ ಬಣ್ಣ. ನಾನು ಮಾಡಿದ ಪೇರಲ ಹಣ್ಣಿಗೆ ಗಿಳಿ ಬಂದು ಕೊಕ್ಕು ಹಾಕಿತ್ತು ಎಂದು ನಾನೇ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಕೊಣ್ಣೂರ ದಾರಿಯಲ್ಲಿ ನಮಗೊಂದು ಸಣ್ಣ ಹೊಲವೂ ಇತ್ತು. ಮಳೆಗಾಲದಲ್ಲಿ ಹುಕ್ಕೇರಿ ಕಡೆಯ ಹಸಿ ನೆಲದಲ್ಲಿ ಕುರಿಗಳ ಗೊರಸು ಕೊಳೆಯುತ್ತದೆ ಎಂದು ನೀವು ಹಿಂಡು ಹೊಡೆದುಕೊಂಡು ಮೂಡಲಗಿಯ ಆಚೆ ಒಣ ಸೀಮೆಗೆ ಹೋಗುತ್ತಿದ್ದಿರಿ. ಹೋಗುವಾಗ, ಬರುವಾಗ, ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ನಾಲ್ಕು ದಿನ ಕುರಿ ನಿಲ್ಲಿಸುತ್ತಿದ್ದಿರಿ. ಗಂಡ ತೀರಿಹೋದ ಮೇಲೂ ನಲವತ್ತು ಕುರಿಗಳನ್ನು ನೀವೊಬ್ಬರೇ ನಡೆಸುತ್ತಿದ್ದಿರಿ. ಹಿಂಡುಗಳ ಹಿರಿಯ ಮಾಳಪ್ಪಕಾಕಾನಿಗೆ ಅದು ಸರಿಬರುತ್ತಿರಲಿಲ್ಲ. ಹೆಣ್ಣುಮಗಳು ಒಂಟಿಯಾಗಿ ಹಿಂಡು ಕಾಯುವುದು ಆಗದ ಮಾತು, ನನ್ನ ಹಿಂಡಿನಲ್ಲಿ ಸೇರಿಸು ಎಂದು ವರ್ಷಾ ವರ್ಷಾ ಹೇಳುತ್ತಿದ್ದ. ನೀವು ಒಂದೇ ಉತ್ತರ ಕೊಡುತ್ತಿದ್ದಿರಿ — "ನಾ ಒಬ್ಬಾಕಿ ಅಲ್ಲ ಕಾಕಾ, ನನ್ನ ಚಿಗರಿ ಐತಿ."

ಚಿಗರಿ ಆಗಿನ್ನೂ ಒಂದು ವರ್ಷದ ಮರಿ. ಕಂದು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ, ಸಣಕಲು ಕಾಲು. ತಪ್ಪಿಸಿಕೊಂಡ ಕುರಿಯನ್ನು ವಾಸನೆ ಹಿಡಿದು ಹುಡುಕಲು ಅದನ್ನು ನೀವು ಪಳಗಿಸುವ ರೀತಿ ಕಂಡು ಉಳಿದ ಕುರುಬರು ನಗುತ್ತಿದ್ದರು. ನಾನು ಮಾತ್ರ ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ. ಒಂದು ಕುರಿಯ ಉಣ್ಣೆಯ ಕುಚ್ಚನ್ನು ಅದಕ್ಕೆ ಮೂಸಿಸಿ, ಕಣ್ಣು ತಪ್ಪಿಸಿ ಕಲ್ಲಿನ ಸಂದಿಯಲ್ಲೋ ಕಂಬಳಿಯ ಮಡಿಕೆಯಲ್ಲೋ ಅಡಗಿಸಿ "ಎಲ್ಲೈತಿ?" ಎನ್ನುತ್ತಿದ್ದಿರಿ. ಚಿಗರಿ ಮೂಗು ನೆಲಕ್ಕೆ ಹಚ್ಚಿ ಹೊರಡುತ್ತಿತ್ತು. ಸಿಕ್ಕಿತೋ — ನೀವು ಐದು ವರ್ಷದ ಹುಡುಗಿಯ ಹಾಗೆ ಕೇಕೆ ಹಾಕಿ, ಅದರ ಜೊತೆ ಆ ಕುಚ್ಚನ್ನು ಜಗ್ಗಾಡುತ್ತಿದ್ದಿರಿ. ಮಾಳಪ್ಪಕಾಕಾ ಹೇಳುತ್ತಿದ್ದ, "ನಾಯಿಗಿ ಆಟಾ ಏನ ಕಲಸ್ತಿ? ಬಡಿಗಿ ತೋರ್ಸು, ತಾನ ಕಲೀತೈತಿ." ನೀವು ಅದರ ಮೇಲೆ ಕೈ ಎತ್ತಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಒಂದು ಶ್ರಾವಣದಲ್ಲಿ ಚಿಗರಿಯ ಮುಂಗಾಲಿನ ಮೇಲೆ ಚಕ್ಕಡಿಯ ಗಾಲಿ ಹಾದಿತ್ತು. ದೂರ ನಡೆಯುವ ಹಾಗಿರಲಿಲ್ಲ. ನಮ್ಮ ಮನೆಗೆ ಎತ್ತಿಕೊಂಡು ಬಂದಿರಿ. ಜೊತೆಗೊಂದು ಬಟ್ಟೆಯ ಗಂಟು. ಅದರೊಳಗೆ ನಲವತ್ತು ಕುರಿಗಳ ನಲವತ್ತು ಕುಚ್ಚು, ಒಂದೊಂದಕ್ಕೂ ದಾರ ಸುತ್ತಿ ನಿಮ್ಮದೇ ಗಂಟು.

"ಅದರ ಕಾಲ ಕುಂಡ್ರಲಿ ತಮ್ಮಾ, ಮೂಗ ಕುಂಡ್ರಬಾರ್ದು," ಎಂದಿರಿ. "ದಿನಕ್ಕ ಒಂದ ಕುಚ್ಚ ಬಿಚ್ಚು. ಮೂರ ಸಲ ಆಡ್ಸು. ನಲವತ್ತೂ ಮುಗದ ಮ್ಯಾಲ ಮತ್ತ ಮೊದಲಿಂದ. ಇನ್ನಾ ಬೇಕು ಅನ್ನೂದರಾಗ ನಿಲ್ಲಸಬೇಕು. ಬ್ಯಾಸರಾತಂದ್ರ ಅದು ಆಟಾ ಅಲ್ಲ, ದುಡಿಮಿ."

ನನಗೆ ಕೆಲಸ ಬಹಳ ಇದೆ, ಹೊತ್ತು ಸಿಗುತ್ತದೋ ಇಲ್ಲವೋ ಎಂದು ನಾನು ರಾಗ ಎಳೆದೆ. ನೀವು ನಕ್ಕಿರಿ. "ಒಂದ ರೊಟ್ಟಿ ಬೇಯೂ ಹೊತ್ತ ಸಾಕ."

ಖರೆ ಮಾತು. ನಿಮ್ಮನ್ನು ನೋಡಿದ್ದೆನಲ್ಲ — ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಹಾಕುವ ಮುಂಚೆ ಕುಚ್ಚು ಅಡಗಿಸುತ್ತಿದ್ದಿರಿ, ರೊಟ್ಟಿ ತಿರುವಿ ಹಾಕುವುದರೊಳಗೆ ಚಿಗರಿ ಅದನ್ನು ತರುತ್ತಿತ್ತು. ದಿನವಿಡೀ ನಡೆಯುವವರು, ನಡೆಯುತ್ತ ಉಣ್ಣೆ ನೂಲುವವರು, ಹೊತ್ತಿಲ್ಲ ಎಂದು ನೀವು ಹೇಳಿದ್ದನ್ನು ನಾನು ಕೇಳಲಿಲ್ಲ. ಆ ಮಾತು ಹೇಳಿದವನು ನಾನು, ಒಂದೇ ಕಡೆ ಕೂತು ಕೆಲಸ ಮಾಡುವವನು.

ಎಂಟು ದಿನ ಚೆನ್ನಾಗಿ ನಡೆಯಿತು. ಗಿರಣಿಯ ಬೆಳಗಿನ ಭೋಂಗಾ ಕೂಗಿದ ಕೂಡಲೆ ಒಂದು ಸಲ, ಊಟದ ಹೊತ್ತಿಗೊಂದು ಸಲ, ದೀಪ ಹಚ್ಚುವ ಮುಂಚೆ ಒಂದು ಸಲ. ಒಂಬತ್ತನೆಯ ದಿನಕ್ಕೆ ಕೆಲಸ ತಲೆಯ ಮೇಲೆ ಬಿತ್ತು. ದಸರೆಗೆ ಮುಂಚೆ ಬೆಳಗಾವಿಯ ಅಂಗಡಿಗಳಿಗೆ ಬುಟ್ಟಿ ಬುಟ್ಟಿ ಹಣ್ಣು ಹೋಗಬೇಕು. ತಂದೆಯ ಕಣ್ಣಿಗೆ ಪೊರೆ ಬಂದು ಅವರ ಕೈಯಿಂದ ಬಣ್ಣದ ಕೆಲಸ ಆಗುತ್ತಿರಲಿಲ್ಲ. ಹೆಂಡತಿ ಗೌರಿ ಚೊಚ್ಚಲ ಬಾಣಂತನಕ್ಕೆ ಮೂಡಲಗಿಯ ತವರಿಗೆ ಹೋಗಿದ್ದಳು. ಅಡಿಗೆ ನಾನೇ, ನೀರು ನಾನೇ — ಇರಲಿ, ಇದನ್ನೆಲ್ಲ ನೆಪಕ್ಕೆ ಹೇಳುತ್ತಿಲ್ಲ. ಇದ್ದದ್ದು ಹೀಗೆ.

ಅವತ್ತು ಒಂದು ಮರದ ಬದನೆಕಾಯಿ ಕೈಜಾರಿ ಉರುಳುತ್ತ ಹೋಗಿ ಮಂಚದ ಕೆಳಗೆ ಸೇರಿತು. ಏಳಲು ಬೇಸರ. "ಚಿಗರಿ, ಎಲ್ಲೈತಿ?" ಎಂದೆ, ಸುಮ್ಮನೆ, ತಮಾಷೆಗೆ. ಕುಂಟುತ್ತ ಹೋಗಿ ತಂದಿತು! ನನಗೆ ಎಷ್ಟು ಖುಷಿಯಾಯಿತೆಂದರೆ — ನಿಮ್ಮ ಹಾಗೆಯೇ ಕೇಕೆ ಹಾಕಿದೆ, ಬದನೆಕಾಯಿಯ ತೊಟ್ಟು ಹಿಡಿದು ಜಗ್ಗಾಡಿದೆ. ಅಲ್ಲಿಂದ ಮುಂದೆ ಉಣ್ಣೆಯ ಗಂಟು ಗೂಟದಲ್ಲಿ ತೂಗುತ್ತ ಉಳಿಯಿತು. ನಾನು ಕೂತಲ್ಲಿಂದಲೇ ಬದನೆಕಾಯಿ, ಮಾವಿನಕಾಯಿ ಎಸೆಯುವುದು, ಬುಟ್ಟಿಯ ಕೆಳಗೆ ಮುಚ್ಚಿಡುವುದು, "ಎಲ್ಲೈತಿ?" ಎನ್ನುವುದು. ಹುಣಸೆ ಬೀಜದ ಅಂಟಿನ ವಾಸನೆ ಎಲ್ಲಿದ್ದರೂ ಚಿಗರಿ ಹುಡುಕುತ್ತಿತ್ತು. ಗಿರಾಕಿಗಳು ಬೆರಗಾಗಿ ನೋಡುತ್ತಿದ್ದರು. ನಾನು ಮೀಸೆ ತಿರುವುತ್ತಿದ್ದೆ. ಆಟ ನಿಮ್ಮದು, ಕರೆಯುವ ಮಾತು ನಿಮ್ಮದು. ಅದರ ಅರ್ಥ ಮಾತ್ರ ನಾನು ನನ್ನ ಸೌಕರ್ಯಕ್ಕೆ ಬದಲಾಯಿಸಿಬಿಟ್ಟಿದ್ದೆ. ಒಳಗೆಲ್ಲೋ ಗೊತ್ತಿತ್ತು ಅಕ್ಕ. ಗೂಟದ ಕಡೆ ನೋಡದೆ ಓಡಾಡುವುದನ್ನು ನಾನು ಕಲಿತಿದ್ದೆ.

ದಸರೆ ಮುಗಿದ ಮೇಲೆ ನೀವು ತಿರುಗಿ ಬಂದು ನಮ್ಮ ಹೊಲದಲ್ಲಿ ಇಳಿದಿರಿ. ಮಧ್ಯಾಹ್ನ ಚಿಗರಿಯನ್ನು ಕರೆದುಕೊಂಡು ಬಂದೆ, ಉಣ್ಣೆಯ ಗಂಟನ್ನೂ ನಿಮ್ಮ ಕೈಗೆ ಕೊಟ್ಟೆ. ಕಾಲು ಪೂರಾ ವಾಸಿಯಾಗಿತ್ತು. ಕೊಣ್ಣೂರಿಗೆ ಮುಟ್ಟಿಸಬೇಕಾದ ಸಾಮಾನಿನ ಚೀಲ ನನ್ನ ಹೆಗಲ ಮೇಲಿತ್ತು. ಚಿಗರಿ ನಿಮ್ಮ ಮೈಮೇಲೆ ಹಾರಿ ಬಿದ್ದು ಮುಖ ನೆಕ್ಕಿತು. ನಿಮ್ಮ ಕಣ್ಣಲ್ಲಿ ನೀರು. ಆಗ ಕೇಳಿದಿರಿ —

"ದಿನಾ ಆಡಿಸಿದಿಯೇನು ತಮ್ಮಾ?"

"ಆಡಿಸೀನ್ರಿ ಅಕ್ಕಾ. ದಿನಾ ಮೂರ ಸಲ."

ಇಷ್ಟೇ ಮಾತು. ಈಗಲೂ ಉಳಿ ಹಿಡಿದು ಕೂತಾಗ ನನ್ನ ದನಿ ನನಗೇ ಕೇಳಿಸುತ್ತದೆ, ಎಷ್ಟು ಸಲೀಸಾಗಿ ಬಂತಲ್ಲ ಎಂದು.

ನೀವು ನನ್ನ ಮಗುವಿನ ಸುದ್ದಿ ಕೇಳುತ್ತಿದ್ದಿರಿ, ಅಷ್ಟರಲ್ಲಿ ಮಾಳಪ್ಪಕಾಕಾ ಬಂದ. ನಿಮ್ಮ ಗಬ್ಬದ ಕುರಿ, ಬಿಳಿ ಕಿವಿಯದು, ಕಾಣುತ್ತಿಲ್ಲ. ಹೊಳೆಯ ಬಾಜೂ ಕೊರಕಲುಗಳಲ್ಲಿ ಇಳಿದಿರಬೇಕು ಎಂದ. ಅಲ್ಲಿ ತೋಳಗಳ ಕಾಟ. ಅವನ ಹಿಂದೆ ಏಳೆಂಟು ಜನ ನೋಡಲು ಬಂದು ನಿಂತರು. "ನಿನ್ನ ಆಟದ ನಾಯಿ ಈಗ ಹುಡಕಲಿ. ಹುಡಕಿದ್ರ ನಾ ಮತ್ತ ಬಾಯಿ ತಗ್ಯಂಗಿಲ್ಲ. ಇಲ್ಲಾಂದ್ರ ನಾಳಿಂದ ನನ್ನ ಹಿಂಡಿನಾಗ ಸೇರ್ಸು," ಎಂದ. ನೀವು ಹ್ಞೂಂ ಎಂದಿರಿ.

ಬಿಳಿ ಕಿವಿಯ ಕುರಿಯ ಕುಚ್ಚಿಗಾಗಿ ನೀವು ಗಂಟು ಬಿಚ್ಚಿದಿರಿ. ನಿಮ್ಮ ಕೈ ನಿಂತಿತು. ನಾನು ಬಗ್ಗಿ ನೋಡಿದೆ — ಎಂಟು ಕುಚ್ಚುಗಳ ದಾರ ಬಿಚ್ಚಿತ್ತು. ಉಳಿದ ಮೂವತ್ತೆರಡು ನೀವು ಕಟ್ಟಿದ ಹಾಗೆಯೇ ಇದ್ದವು. ಸುಳ್ಳು ಹೇಳುವವನಿಗೆ ಅಷ್ಟಾದರೂ ಬುದ್ಧಿ ಬೇಡವೇ! ನೀವು ಒಮ್ಮೆ ನನ್ನ ಕಡೆ ನೋಡಿದಿರಿ. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ನಾನು ಹೇಳುತ್ತೇನೆಂದು ಕಾಯ್ದಿರೇನೋ... ನಾನು ಹೊಳೆಯ ಕಡೆ ಮುಖ ತಿರುಗಿಸಿದೆ.

ನೀವು ಕುಚ್ಚು ಮೂಸಿಸಿ "ಎಲ್ಲೈತಿ?" ಎಂದಿರಿ. ಚಿಗರಿಯ ಕಿವಿ ನಿಮಿರಿತು. ಉಣ್ಣೆ ಮೂಸಿತು, ನಿಮ್ಮನ್ನು ನೋಡಿತು, ಹೊಳೆಯ ಕಡೆ ನಾಲ್ಕು ಹೆಜ್ಜೆ ಹೋಯಿತು. ಹೋಗು, ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ತಟ್ಟನೆ ತಿರುಗಿ ನೇರ ನನ್ನ ಹತ್ತಿರ ಬಂತು. ಚೀಲದಲ್ಲಿ ಮೂತಿ ತೂರಿಸಿ ಒಂದು ಬದನೆಕಾಯಿ ಎಳೆದುಕೊಂಡು ಹೋಗಿ ನಿಮ್ಮ ಕಾಲ ಬಳಿ ಇಟ್ಟಿತು. ಬಾಲ ಅಲ್ಲಾಡಿಸುತ್ತ ನಿಮ್ಮ ಮುಖ ನೋಡುತ್ತ ನಿಂತಿತು.

ಹೊಲಕ್ಕೆ ಹೊಲವೇ ನಕ್ಕಿತು. "ಲಗಮವ್ವಾ, ಕುರಿ ಹುಡುಕು ಅಂದ್ರ ನಿನ್ನ ನಾಯಿ ಪಲ್ಯಾಕ ಬದನಿಕಾಯಿ ತಂದೈತಲ್ಲ! ಇನ್ನ ರೊಟ್ಟಿ ಬಡದ್ರ ಆತು," ಎಂದ ಮಾಳಪ್ಪಕಾಕಾ. ಬಿದ್ದು ಬಿದ್ದು ನಕ್ಕರು ಎಲ್ಲರೂ.

ನಾನೂ ನಕ್ಕೆ. ಇದೇ, ಇದೇ ನನ್ನನ್ನು ಇವತ್ತಿಗೂ ಚುಚ್ಚುವುದು. ಸುಳ್ಳು ಭಯದಿಂದ ಬಂದಿರಬಹುದು. ಆ ನಗು ಎಲ್ಲಿಂದ ಬಂತು? ನಾನೇ ಕಲಿಸಿದ್ದು ಎಂಬ ಎರಡು ಮಾತು ಸಾಕಾಗಿತ್ತು. ಅಷ್ಟು ಹೇಳಿದ್ದರೆ ಅವರು ನನ್ನನ್ನು ನೋಡಿ ನಗುತ್ತಿದ್ದರು. ಅದನ್ನು ತಾಳಲಾರದೆ ನಿಮ್ಮನ್ನು ನೋಡಿ ನಕ್ಕವರ ಜೊತೆ ಸೇರಿದೆ.

ಆಮೇಲೆ ನೀವು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಷ್ಟು ಜನರ ನಡುವೆ, ಮಾನ ಹೋದ ಹೊತ್ತಿನಲ್ಲಿ, ನೀವು ಮಂಡಿಯೂರಿ ಕೂತಿರಿ. ಆ ಬದನೆಕಾಯಿಯ ತೊಟ್ಟು ಹಿಡಿದು ಚಿಗರಿಯ ಜೊತೆ ಜಗ್ಗಾಡಿದಿರಿ. ಕೇಕೆ ಹಾಕಿದಿರಿ — ದನಿ ನಡುಗುತ್ತಿತ್ತು, ಆದರೂ ಹಾಕಿದಿರಿ. ನಿಮಗೆ ಹುಚ್ಚು ಹಿಡಿದಿದೆಯೇ ಎಂದು ಯಾರೋ ಕೇಳಿದರು.

"ಅದು ಆಟದಾಗ ಗೆದ್ದೈತಿ," ಎಂದಿರಿ. "ಗೆದ್ದದ್ದಕ್ಕ ಕೊಡೂದ ಕೊಡಬೇಕಲ್ರಿ."

ಕುರಿ ಹುಡುಕಲು ನೀವೇ ಕೊರಕಲಿಗೆ ಇಳಿದಿರಿ. ಮರುದಿನ ಅದು ಸಿಕ್ಕಾಗ ತೋಳ ತಿಂದು ಬಿಟ್ಟಿದ್ದಷ್ಟೇ ಉಳಿದಿತ್ತು. ಕೊಟ್ಟ ಮಾತಿನಂತೆ ಉಳಿದ ಕುರಿಗಳನ್ನು ಮಾಳಪ್ಪಕಾಕಾನ ಹಿಂಡಿಗೆ ಸೇರಿಸಿದಿರಿ. ಮೂರು ಮಳೆಗಾಲ ಅವನ ಕುರಿ ಮೇಯ್ದು ಬಿಟ್ಟದ್ದನ್ನು ನಿಮ್ಮ ಕುರಿ ಮೇಯ್ದವು. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದರೂ ನೀವು ಕೇಳಲಿಲ್ಲ. ಮೊದಲಿಂದ ಶುರುಮಾಡಿದಿರಿ: ಕುಚ್ಚು, ಕಲ್ಲಿನ ಸಂದಿ, ರೊಟ್ಟಿ ಬೇಯುವಷ್ಟು ಹೊತ್ತು. ಉಣ್ಣೆ ಹುಡುಕಿ ತಂದರೆ ಬಹುಮಾನವಾಗಿ ಜಗ್ಗಾಡಲು ಆ ಬದನೆಕಾಯಿ! ನಾನು ಕೆಡಿಸಿದ್ದನ್ನೇ ಹಿಡಿದು ನೀವು ಅದನ್ನು ತಿದ್ದಿದಿರಿ. ನಾಲ್ಕನೆಯ ವರ್ಷ ಮಾಳಪ್ಪಕಾಕಾನದೇ ಮೂರು ದಿನದ ಮರಿ ಜಾಲಿಯ ಪೊದೆಯಲ್ಲಿ ಸಿಕ್ಕಿಕೊಂಡಾಗ ಚಿಗರಿಯೇ ಹುಡುಕಿತು. ಆವತ್ತೇ ಅವನು ತನ್ನ ಬಾಯಿಂದ, ನಿನ್ನ ಹಿಂಡು ನೀ ನಡೆಸು ಲಗಮವ್ವಾ ಎಂದನಂತೆ. ಆದರೂ ಬದನೆಕಾಯಿಯ ಕಥೆ ಸಾಯಲಿಲ್ಲ. ದಡ್ಡ ನಾಯಿ ಆಮೇಲೆ ಜಾಣ ಆಯಿತು ಎಂದೇ ಹೇಳುತ್ತ ಬಂದರು. ಅದು ಯಾವತ್ತೂ ದಡ್ಡ ಆಗಿರಲಿಲ್ಲ.

ಪ್ರತಿ ವರ್ಷ ನೀವು ನಮ್ಮ ಹೊಲಕ್ಕೆ ಬರುವಾಗ ಚಿಗರಿ ಓಡಿ ಬಂದು, ಬಣ್ಣ ಹೋಗಿ ಹಲ್ಲಿನ ಗುರುತು ಬಿದ್ದ ಆ ಬದನೆಕಾಯಿಯನ್ನು ನನ್ನ ಕಾಲ ಬಳಿ ಇಡುತ್ತಿತ್ತು. ಅದಕ್ಕೆ ನಾನು ಗೆಳೆಯ. ನಾನು ತಲೆ ಸವರಿ ಬೇರೆ ಮಾತು ತೆಗೆಯುತ್ತಿದ್ದೆ. ನೀವೂ ಒಂದು ಮಾತು ಕೇಳಲಿಲ್ಲ.

ಒಂಬತ್ತು ದಿನದ ಹಿಂದೆ ನೀವು ಬಾಗಿಲಿಗೆ ಬಂದಿರಿ. ತಲೆ ಪೂರಾ ಬೆಳ್ಳಗಾಗಿದೆ. ಸೆರಗಿನಲ್ಲಿ ಒಂದು ಮರಿ, ಚಿಗರಿಯ ವಂಶದ್ದೇ, ಹಣೆಯ ಮೇಲೆ ಅದೇ ಚುಕ್ಕೆ. ಕೈಯಲ್ಲಿ ಬಟ್ಟೆಯ ಗಂಟು.

"ಇದರ ಕಾಲಾಗ ಮುಳ್ಳ ಮುರದೈತಿ ತಮ್ಮಾ. ನಾವು ತಿರಗಿ ಬರೂತನಕ ಇಟಗೋತಿಯೇನು?"

"ಇಟಗೋತೇನ್ರಿ ಅಕ್ಕಾ," ಎಂದೆ. ಮುಂದೆ ಹೇಳಬೇಕಾದದ್ದು ಆಗಲೂ ಬಾಯಿಗೆ ಬರಲಿಲ್ಲ. ಇಡೀ ಗೋಕಾಕಿನಲ್ಲಿ ನಿಮಗೆ ನನ್ನ ಮನೆಯೇ ಏಕೆ ಬೇಕಾಯಿತು? ಕ್ಷಮಿಸಿದಿರೋ, ಇನ್ನೊಂದು ಸಲ ನೋಡೋಣ ಎಂದಿರೋ... ನನಗೆ ತಿಳಿಯದು. ಅದಕ್ಕೇ ಬರೆಯಲು ಕೂತೆ. ನೀವು ತಿರುಗಿ ಬಂದಾಗ ಅದೇ ಹೊಲದಲ್ಲಿ, ಮುದುಕನಾದ ಮಾಳಪ್ಪಕಾಕಾನ ಎದುರಿಗೆ ಇದನ್ನು ಓದುತ್ತೇನೆ. ಅವರು ನನ್ನನ್ನು ನೋಡಿ ನಗಲಿ. ಇಪ್ಪತ್ತೆರಡು ವರ್ಷ ತಡವಾಗಿ ನಗಲಿ. ಕೇಳಲು ಚಿಗರಿ ಇಲ್ಲ, ಅದೊಂದನ್ನು ನಾನು ಸರಿಮಾಡಲಾರೆ.

ಈಗಲೂ ಕೆಲಸ ಕಮ್ಮಿಯಿಲ್ಲ. ಆ ಶ್ರಾವಣದಲ್ಲಿ ಹುಟ್ಟಿದ ಮಗನೇ ಈಗ ಬಣ್ಣ ಹಚ್ಚುತ್ತಾನೆ. ಈಗಷ್ಟೇ ಒಳಗಿಂದ ಗದರಿದ, "ಅಪ್ಪಾ, ಗಿರಾಕಿ ಬಂದ ಕುಂತಾರ, ನೀ ಮತ್ತ ನಾಯಿ ಜೋಡಿ ಆಡಾಕ ಹೊಂಟಿಯೇನು?" ಹೌದು, ಹೊರಟಿದ್ದೇನೆ. ಮರಿ ಗೂಟದ ಕೆಳಗೆ ಕೂತು ಗಂಟನ್ನೇ ನೋಡುತ್ತಿದೆ. ಎಂಟು ಕುಚ್ಚು ಮುಗಿದಿವೆ. ಒಂಬತ್ತನೆಯದರ ದಾರ ಬಿಚ್ಚಲು ಏಳುತ್ತಿದ್ದೇನೆ.