ಗೆದ್ದರೆ ಲಕ್ಕಂತೆ!

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಎದುರಾಳಿಯ ಕಾಲು ಹಿಡಿದು ಎಳೆಯಬಾರದು. ಇದು ನಿಮಗೆ ಗೊತ್ತು, ನನಗೂ ಗೊತ್ತು. ಹೋದ ವರ್ಷದ ಮೊದಲ ಮ್ಯಾಚ್‌ನಲ್ಲಿ ನನ್ನ ಮಗಳು ಸಿಂಚನಾಗೆ ಮಾತ್ರ ಮರೆತೇಹೋಗಿತ್ತು.

ಅವಳದೇನೂ ತಪ್ಪಿಲ್ಲ ಬಿಡಿ. ಅರಸೀಕೆರೆಯ ಅವಳ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯರೇ ಸಿಗದೆ, ಪಿ.ಟಿ. ಮೇಷ್ಟ್ರು ಕಬಡ್ಡಿ ಟೀಮನ್ನೇ ಎತ್ತಿ ತಂದು ಕೋರ್ಟಿಗೆ ಇಳಿಸಿದ್ದರು. ಚೆಂಡು ಹಿಡಿದು ಬಂದವಳನ್ನು ಕಂಡದ್ದೇ ತಡ, ನಮ್ಮವರು ಕೈಕೈ ಹಿಡಿದು ಸುತ್ತುವರಿದರು. ಸಿಂಚನಾ ಡೈವ್ ಹೊಡೆದು ಪಾದವನ್ನೇ ಹಿಡಿದಳು. (ಹಿಡಿತ ಅದ್ಭುತವಾಗಿತ್ತು, ಅದು ಬೇರೆ ಮಾತು.) ಸೀಟಿ ಊದಿ ಊದಿ ರೆಫರಿಗೆ ಕೆನ್ನೆ ನೋವು ಬಂದಿರಬೇಕು. ಹೀನಾಯವಾಗಿ ಸೋತೆವು.

ಈ ವರ್ಷ? ಎದುರಿನವರಿಗೆ ಬ್ಯಾಸ್ಕೆಟ್ಟೇ ಕಾಣುತ್ತಿಲ್ಲ! ನಮ್ಮ ಹುಡುಗಿಯರು ಒಂದಾದ ಮೇಲೊಂದು ಮ್ಯಾಚ್ ಗೆದ್ದರು. ನಾನಂತೂ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಡಿಫೆನ್ಸ್ ಅಂದರೆ ಎದುರಾಳಿಯನ್ನು ತಡೆಯುವುದು ಅಂತ ಸೊಪ್ಪಿನವಳಿಗೂ ವಿವರಿಸಿದ್ದೇನೆ.

ಕೊಬ್ಬರಿ ವ್ಯಾಪಾರಿಯಾದ ನಮ್ಮ ಯಜಮಾನರದ್ದು ಮಾತ್ರ ಒಂದೇ ರಾಗ. "ಲಕ್ಕು ಕಣೇ. ಎದುರ್ಗಡೆ ಹುಡುಗೀರು ಗುರಿ ತಪ್ತಾವ್ರೆ, ಇವರು ಗೆಲ್ತಾವ್ರೆ. ಅಷ್ಟೇಯ."

ಸಿಂಚನಾ ಕಣ್ಣಲ್ಲಿ ನೀರು. "ಹಂಗಾದ್ರೆ ನಾವೇನೂ ಮಾಡ್ಲೇ ಇಲ್ವಾ ಅಪ್ಪಾ?"

ಅವಳಿಗೆ ಕಪ್ ಗೆಲ್ಲುವುದಕ್ಕಿಂತ ಹೆಚ್ಚಾಗಿ ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬೇಕಿತ್ತು. (ಕೊಬ್ಬರಿ ರೇಟು ಏರಿದರೆ ಅದು ಇವರ ತಲೆ, ಬಿದ್ದರೆ ಗ್ರಹಚಾರ. ಇದು ಯಾವ ಸೀಮೆಯ ನ್ಯಾಯ ಸ್ವಾಮಿ?)

ಬೇಲೂರಿನಲ್ಲಿ ಫೈನಲ್. ಯಜಮಾನರನ್ನು ಎಳೆದುಕೊಂಡೇ ಹೋದೆ. ಎದುರು ಟೀಮಿನಲ್ಲಿ ಉದ್ದನೆಯ ಹುಡುಗಿಯೊಬ್ಬಳಿದ್ದಳು. ಬ್ಯಾಸ್ಕೆಟ್ ಹತ್ತಿರ ಬಂದಳೆಂದರೆ ಮುಗಿಯಿತು, ಚೆಂಡು ಒಳಗೆ! ಕೊನೆಯ ನಿಮಿಷ. ನಾವು ಒಂದೇ ಪಾಯಿಂಟ್ ಮುಂದೆ. ಅವಳು ನುಗ್ಗಿದಳು. ಸಿಂಚನಾ ಮಂಡಿ ಬಾಗಿಸಿ ಎದುರಿಗೆ ನಿಂತಳು. ಕಣ್ಣು ಚೆಂಡಿನ ಮೇಲಲ್ಲ, ಅವಳ ಕಾಲಿನ ಮೇಲೆ. ಅಯ್ಯೋ, ಹಿಡಿದೇಬಿಡುತ್ತಾಳಾ?

ಹಿಡಿಯಲಿಲ್ಲ! ಅದೇ ಕಬಡ್ಡಿ ಹೆಜ್ಜೆಯಲ್ಲಿ ಪಕ್ಕಕ್ಕೆ ಸರಿಯುತ್ತಾ ದಾರಿ ಮುಚ್ಚಿದಳು. ಇನ್ನೊಂದು ಕಡೆಯಿಂದ ಅವಳ ಗೆಳತಿ. ಕೈಗಳು ಮಾತ್ರ ಮೇಲೆ. ಉದ್ದನೆಯ ಹುಡುಗಿ ಸರಿದು ಸರಿದು ಮೂಲೆ ಸೇರಿದಳು, ಬೇರೆ ದಾರಿಯಿಲ್ಲದೆ ಅಲ್ಲಿಂದಲೇ ಎಸೆದಳು. ಚೆಂಡು ರಿಂಗಿಗೆ ಬಡಿದು ಆಚೆ ಹಾರಿತು. ಆಟ ಮುಗಿದ ಸೀಟಿ!

ನಾನು ಕುಣಿದೆ. ನಿಜವಾಗಿಯೂ ಕುಣಿದೆ, ಸೆರಗು ಸಿಕ್ಕಿಸಿಕೊಂಡು. ಪಕ್ಕದಲ್ಲಿದ್ದ ಹೆಂಗಸನ್ನೂ ಎಳೆದು ಕುಣಿಸಿದೆ. (ಅವರು ಆ ಉದ್ದನೆಯ ಹುಡುಗಿಯ ಅಮ್ಮ ಅಂತ ಆಮೇಲೆ ಗೊತ್ತಾಯಿತು.)

ಯಜಮಾನರು ಹಣೆಯ ಬೆವರು ಒರೆಸಿಕೊಂಡರು. "ನೋಡ್ದೇನೇ? ಸ್ವಲ್ಪದ್ರಲ್ಲಿ ತಪ್ತು. ಲಕ್ಕು."

ಗುರಿ ತಪ್ಪಿದ್ದು ಅವಳೇ, ಒಪ್ಪಿದೆ. ಆದರೆ ಅವಳನ್ನು ಆ ಮೂಲೆಗೆ ಕಳಿಸಿದ್ದು ಯಾರು?

ವಾಪಸ್ ಬರುವಾಗ ಹಳೇಬೀಡಿನವರೆಗೂ ಕಾರಿನಲ್ಲಿ ಮಗಳು ಕಿಟಕಿ ಕಡೆ ಮುಖ ತಿರುಗಿಸಿ ಕೂತಿದ್ದಳು. ಅಲ್ಲಿ ಟೀಗೆ ನಿಲ್ಲಿಸಿದಾಗ ಯಜಮಾನರಿಗೆ ಫೋನ್ ಬಂತು. ಕೊಬ್ಬರಿ ರೇಟು ಏರಿದೆಯಂತೆ! ಇವರು ಮಾರದೆ ಹಾಗೇ ಇಟ್ಟಿದ್ದರು. ಮುಖ ಊರಗಲವಾಯಿತು. "ಹೆಂಗೈತೆ ನಿಮ್ಮಪ್ಪನ ತಲೆ?"

ಸಿಂಚನಾ ಬನ್ ಕಚ್ಚುತ್ತಾ ಅಂದಳು, "ಲಕ್ಕು ಬಿಡಪ್ಪಾ."

ನಾನು ನಕ್ಕೆ. ಟೀ ಅಂಗಡಿಯವನೂ ನಕ್ಕ. ಯಜಮಾನರು ಟೀ ಲೋಟ ಬೆಂಚಿನ ಮೇಲಿಟ್ಟು ಮೆಲ್ಲಗೆ ಕೇಳಿದರು, "ಅಲ್ಲ ಕಣವ್ವಾ, ಅಷ್ಟುದ್ದದ ಹುಡುಗೀನ ಮೈ ಮುಟ್ದಂಗೆ ಹೆಂಗೆ ಮೂಲೆಗೆ ಅಟ್ಟಿದೆ?"

ಬನ್ ಕೆಳಗಿಟ್ಟು, ಅಂಗಡಿ ಮುಂದೆಯೇ ಮಂಡಿ ಬಾಗಿಸಿ ನಿಂತಳು ನನ್ನ ಮಗಳು. "ಬಾ, ನುಗ್ಗು ನೋಡಣ."

ಇವರು ಪ್ಯಾಂಟು ಮೇಲಕ್ಕೆಳೆದು ನುಗ್ಗಿದರು. ಎರಡೇ ಕ್ಷಣ, ಬೆನ್ನು ಕಾರಿಗೆ ತಾಗಿತ್ತು. "ಇರು ಇರು, ಇನ್ನೊಂದ್ಸಲ ತೋರ್ಸು! ಹೆಂಗೆ ಮಾಡ್ದೆ?"

ಲಕ್ಕನ್ನು ಯಾರಾದರೂ 'ಹೆಂಗೆ ಮಾಡ್ದೆ' ಅಂತ ಕೇಳುತ್ತಾರೆಯೇ?