ಕೆರೆಗೆ ಬಿದ್ದ ಲಾರಿಯ ಇಂಜಿನ್

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಮೊದಲ ಬಸ್ಸಿನ ಕಂಡಕ್ಟರ್ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಆಕಳಿಸುತ್ತಿದ್ದಾನೆ. ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಒಂದು ಟ್ರ್ಯಾಕ್ಟರ್ ನಿಂತಲ್ಲೇ ಗುಡುಗುಡು ಎನ್ನುತ್ತಿದೆ. ಅದರ ಮೇಲೆ ಬಾಗಿದ ನರೆಗಡ್ಡದ ಮನುಷ್ಯರೊಬ್ಬರು ಮೊಳದುದ್ದದ ಉಕ್ಕಿನ ಸರಳಿನ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾರೆ. ಕಣ್ಣು ಮುಚ್ಚಿದೆ. ದವಡೆ ಸಣ್ಣಗೆ ನಡುಗುತ್ತಿದೆ. ಹೊತ್ತಲ್ಲದ ಹೊತ್ತಿನಲ್ಲಿ ಇದನ್ನು ಮೊದಲ ಸಲ ಕಂಡವರು ಒಂದು ಹೆಜ್ಜೆ ಹಿಂದೆ ಸರಿದೇ ಸರಿಯುತ್ತಾರೆ.

ಇವರು ಇನಾಯತ್ ಉಲ್ಲಾ. ವಯಸ್ಸು ಐವತ್ತರ ಆಸುಪಾಸು. ಚಿಕ್ಕವರಿದ್ದಾಗ ಬಂದ ಜ್ವರವೊಂದು ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ಕಿತ್ತುಕೊಂಡು ಹೋಗಿದೆ. "ಇದ್ದ ಅರ್ಧ ಕಿವಿನೂ ಒಮ್ಮೊಮ್ಮೆ ಮೋಸ ಮಾಡ್ತೈತ್ರೀ. ಹಲ್ಲು ಮಾಡಲ್ಲ. ಸರಳು ಕಚ್ಚಿದ್ರೆ ಇಂಜಿನ್ನು ತಲೆಬುರುಡೆ ಒಳಗೇ ಬಂದು ಮಾತಾಡ್ತೈತೆ" ಎಂದು ಸರಳನ್ನು ಲುಂಗಿಗೆ ಒರೆಸಿಕೊಳ್ಳುತ್ತಾರೆ.

ತಂದೆ ನಜೀರ್ ಸಾಬ್ ಜಟಕಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು. ಬಸ್ಸು ಬಂದು ಜಟಕಾ ಕಡಿಮೆಯಾದ ಮೇಲೆ ಮಗ ಶಿವಮೊಗ್ಗದ ಒಂದು ಗ್ಯಾರೇಜಿಗೆ ಸೇರಿದರು. ಕೆಲಸ ಕಲಿತದ್ದು ಅಲ್ಲೇ, ಇಂಜಿನ್ ಫ್ಯಾನಿನ ರೆಕ್ಕೆಗೆ ಬಲಗೈಯ ಎರಡು ಬೆರಳು ಕೊಟ್ಟದ್ದೂ ಅಲ್ಲೇ. ಈಗ ಶೆಡ್ಡಿಗೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಇಲ್ಲಿಂದ ಸೊರಬದವರೆಗೆ ಯಾವ ಲಾರಿ ಕೆಮ್ಮಿದರೂ, ಯಾವ ಗದ್ದೆಯ ಪಂಪು ನಿಂತರೂ ಜನ ಕೇಳಿಕೊಂಡು ಬರುವುದು ಕಿವುಡು ಸಾಬರನ್ನೇ. ಪತ್ನಿ ಖತೀಜಾಬಿ ರೊಟ್ಟಿ ತಂದಿಟ್ಟು, ತಗಡಿಗೆ ಬಡಿದು, ನೆಲ ನಡುಗಿಸಿ ಕರೆಯಬೇಕು.

ಆದರೆ ಈ ಸೀಮೆಯಲ್ಲಿ ಅವರ ಹೆಸರು ಬಂದಾಗೆಲ್ಲ ಜನ ಹೇಳುವುದು ಒಂದೇ ಇಂಜಿನ್ನಿನ ಕತೆ.

ಎಪ್ಪತ್ತಾರರ ಬೇಸಿಗೆ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಗಂಗಾಧರಪ್ಪನವರ ಮಿಲಿಟರಿ ಗಾಡಿಯ ಇಂಜಿನ್ ಸೀಳಿಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ತಂದೆ ಹರಾಜಿನಲ್ಲಿ ಹಿಡಿದ ಗಿಡ್ಡ ಮೂತಿಯ ಲಾರಿ ಅದು. ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಹೋಗುತ್ತದೆ. ಬೇಸಿಗೆಯಲ್ಲಿ ಕಾಡಿನ ಜಾಡಿನಿಂದ ದಿಮ್ಮಿ ಎಳೆಯುತ್ತಿತ್ತು. ಮಳೆಗಾಲದಲ್ಲಿ ಹಳ್ಳ ಉಕ್ಕಿ ಆಚೆಯ ಕೇರಿಗಳಿಗೆ ದಾರಿ ಕಡಿದಾಗ, ಹೆರಿಗೆಯ ಹೆಂಗಸರನ್ನೂ ಕಾಯಿಲೆಯವರನ್ನೂ ಸೊರಬದ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಅದೊಂದೇ.

"ಸಾಬ್ರೆ, ಮಳೆ ಹಿಡಿಯೋದ್ರೊಳಗೆ ಇದಕ್ಕೆ ಜೀವ ಬರ್ಬೇಕು ಮಾರಾಯ್ರೆ. ಯಾವ ಇಂಜಿನ್ ಕೂರಿಸ್ತೀರೋ ನಿಮಗೆ ಬಿಟ್ಟಿದ್ದು" ಎಂದು ಗಂಗಾಧರಪ್ಪ ಗಾಡಿಯನ್ನು ಎಳೆಸಿ ತಂದು ಬಿಟ್ಟುಹೋದರು.

ಇನಾಯತ್ ಉಲ್ಲಾ ಹುಡುಕಾಡಿದರು. ಅದೇ ಜಾತಿಯ ಪೆಟ್ರೋಲ್ ಇಂಜಿನ್ ಹುಬ್ಬಳ್ಳಿಯ ಗುಜರಿಯಲ್ಲಿತ್ತು. ತಂದಿಟ್ಟರೆ ಒಂದು ಬೋಲ್ಟೂ ಬದಲಿಸದೆ ಕೂರುತ್ತದೆ. ಆದರೆ ಪೆಟ್ರೋಲ್ ಬೆಲೆ ಏರಿದ ಮೇಲೆ ಗಾಡಿಗೆ ಕುಡಿಸಬೇಕೋ ಮನೆಮಂದಿಗೆ ಉಣಿಸಬೇಕೋ ಎನ್ನುವಂತಾಗಿತ್ತು. ದೊಡ್ಡ ಲಾರಿಯ ಡೀಸೆಲ್ ಇಂಜಿನ್ ಸಿಕ್ಕೀತು, ಬಲಕ್ಕೇನೂ ಕಡಿಮೆಯಿಲ್ಲ. ಭಾರ ಮಾತ್ರ ಜಾಸ್ತಿ. ಹಳ್ಳದ ಕೆಸರಿನಲ್ಲಿ ಮೂತಿ ಹೂತುಹೋದರೆ ನಾಲ್ಕು ಚಕ್ರ ತಿರುಗಿ ಏನು ಪ್ರಯೋಜನ? ಬೇಕಾದದ್ದು ಓಟವಲ್ಲ; ನಿಧಾನಕ್ಕೆ ತಿರುಗಿದರೂ ಬಿಡದೆ ಎಳೆಯುವ ಹಗುರ ಇಂಜಿನ್.

ಅಂಥದೊಂದು, ಸಣ್ಣ ಲಾರಿಯ ಡೀಸೆಲ್ ಇಂಜಿನ್, ಊರಲ್ಲೇ ಇತ್ತು. ಹಳೇ ಕಬ್ಬಿಣದ ವ್ಯಾಪಾರಿ ಪರಮಶಿವಪ್ಪನವರ ಹಿತ್ತಲಲ್ಲಿ, ಹರಿದ ತಾಡಪಾಲಿನಡಿ. ದಾರ ಹಿಡಿದು ಅಳೆದರೆ ಉದ್ದ, ಎತ್ತರ ಎರಡೂ ಹೇಳಿ ಮಾಡಿಸಿದ ಹಾಗೆ. ಗೇರ್ ಬಾಕ್ಸಿಗೆ ನಡುವೆ ಒಂದು ತಟ್ಟೆ ಕೊರೆದು ಕೂರಿಸಿದರೆ ಮುಗಿಯಿತು. ಆದರೂ ಅದನ್ನು ಯಾರೂ ಮುಟ್ಟಿರಲಿಲ್ಲ.

"ಅದ್ಯಾಕ್ರೀ ಕೇಳ್ತೀರಿ ಸಾಬ್ರೆ? ಅದು ಸಿಕಂದರ್‌ನ ಲಾರೀದು" ಎಂದರು ಪರಮಶಿವಪ್ಪ.

ಸಿಕಂದರ್ ಇದೇ ಊರಿನ ಡ್ರೈವರ್. ತಾಳಗುಂದದ ಕಡೆಯಿಂದ ಭತ್ತದ ಮೂಟೆ ಹೇರಿಕೊಂಡು ಬರುವಾಗ ಒಂದು ಬೆಳಗಿನ ಜಾವ ಕೆರೆ ಏರಿಯ ತಿರುವಿನಲ್ಲಿ ಲಾರಿ ಸಮೇತ ನೀರಿಗೆ ಹೋದ. ನಿದ್ದೆಗಣ್ಣಲ್ಲಿ ಓಡಿಸಿದ ಎಂದು ಊರು ತೀರ್ಮಾನಿಸಿತು. ಏರಿಯ ಕೆಳಗೆ ಗದ್ದೆಗೆ ನೀರು ಕಟ್ಟುತ್ತಿದ್ದವರು ಮಾತ್ರ ಬೇರೆ ಹೇಳುತ್ತಿದ್ದರು: ಲಾರಿ ಮುಳುಗುವ ಮುಂಚೆ ಹೆಣ್ಣು ಕಿರುಚಿದ ಹಾಗೆ ಕಿರುಚಿತಂತೆ. ಕೆರೆಯಿಂದ ಎತ್ತಿ ಗುಜರಿಗೆ ಬಂದ ಆ ಇಂಜಿನ್ನಿಗೆ ಅಲ್ಲಿಂದ ದೆವ್ವದ ಹೆಸರು ಅಂಟಿತು.

ಇನಾಯತ್ ಉಲ್ಲಾ ಅದನ್ನು ಶೆಡ್ಡಿಗೆ ತಂದರು. ಬಿಚ್ಚಿದಾಗ ನೀರು ಹರಿಯುವ ಸಂದುಗಳಲ್ಲಿ ಕೆರೆಯ ಕಪ್ಪು ಕೆಸರು, ಅದರೊಳಗೆ ಎಳೆ ಮೀನಿನ ಮುಳ್ಳು. ಖತೀಜಾಬಿ ಅವತ್ತಿನಿಂದ ರೊಟ್ಟಿಯನ್ನು ಓಣಿಯ ತುದಿಯಲ್ಲೇ ಇಟ್ಟು ಹೋಗತೊಡಗಿದರು. ಇವರು ತೊಳೆದು, ಒರೆಸಿ, ಜೋಡಿಸಿ, ಮರದ ತೊಲೆಗಳ ಮೇಲೆ ಇಂಜಿನ್ ಕೂರಿಸಿ ಒಂದು ಮಧ್ಯಾಹ್ನ ಸ್ಟಾರ್ಟ್ ಮಾಡಿದರು. ಹಾಲು ಕಾಯುವಷ್ಟು ಸಣ್ಣ ಸದ್ದಿನಲ್ಲಿ ನಡೆಯಿತು. ಸಮಾಧಾನವಾಯಿತು.

ಮರುದಿನ ನಸುಕಿನಲ್ಲಿ ಮತ್ತೆ ಸ್ಟಾರ್ಟ್ ಮಾಡಿ ಸರಳು ಕಚ್ಚಿದರು. ಸ್ವಲ್ಪ ಹೊತ್ತು ಸರಿಯಿತ್ತು. ಆಮೇಲೆ ಹಲ್ಲಿನಲ್ಲಿ ಏನೋ ಬದಲಾಯಿತು. ಯಾರೋ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದ ಹಾಗೆ ಸದ್ದು ಏರತೊಡಗಿತು. ಕಣ್ಣು ಬಿಟ್ಟು ನೋಡಿದರೆ ಆಕ್ಸಿಲರೇಟರಿನ ಸಲಾಕೆ ಇದ್ದಲ್ಲೇ ಇದೆ. ಡೀಸೆಲ್ ಬರುವ ನಲ್ಲಿಯನ್ನು ಮುಚ್ಚಿದರು. ಸದ್ದು ಇನ್ನೂ ಏರಿತು. ಪೈಪನ್ನೇ ಕಿತ್ತುಹಾಕಿದರು. ಡೀಸೆಲ್ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಇಂಜಿನ್ ಕುಡಿಯಲು ಏನೂ ಇಲ್ಲದೆ ಓಡುತ್ತಿತ್ತು. ನೀಲಿ ಹೊಗೆ ಶೆಡ್ಡು ತುಂಬಿತು. ಅವರ ಅರೆಗಿವಿಗೂ ಆ ಕಿರುಚಾಟ ಕೇಳಿಸಿತು. ತೊಲೆಗಳು ಅಲುಗಿ ಅಲುಗಿ, ಇಂಜಿನ್ ಇಂಚಿಂಚಾಗಿ ಬಾಗಿಲ ಕಡೆ ಸರಿಯುತ್ತಿತ್ತು.

"ಆವಾಗ ನನಗೂ ಇದು ದೆವ್ವನೇ ಅನಿಸ್ತು. ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ.

ಕೈಗೆ ಸಿಕ್ಕಿದ ಗೋಣಿಚೀಲವನ್ನು ಇಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ತುರುಕಿದರು. ಒಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ ಚೀಲ ಸರ್ರನೆ ಅರ್ಧ ಒಳಗೆ ಹೋಯಿತು. ಅದರ ಮೇಲೆ ಹಲಗೆ ಇಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು.

ತಿರುಗಿದರೆ ಹೊಗೆಯ ನಡುವೆ, ಬಾಗಿಲಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಸಿಕಂದರ್‌ನ ಹೆಂಡತಿ ಕುಬ್ರಾ ಬೀ. ಪಕ್ಕದ ಓಣಿಯಲ್ಲಿ ಕೌದಿ ಹೊಲಿದು ಬದುಕುವವಳು.

"ಇದೇ ಸದ್ದು ಭಾಯಿ" ಎಂದಳು. ಕೇಳಿಸಲಿಲ್ಲವೇನೋ ಎಂದು ಹತ್ತಿರ ಬಂದು ಮತ್ತೊಮ್ಮೆ ಕೂಗಿ ಹೇಳಿದಳು. "ಅವರು ಹೋಗೋಕೆ ಮುಂಚೆ ಒಂದಿನ ಮನೆ ಮುಂದೆ ಹಿಂಗೇ ಕಿರುಚಿತ್ತು. ಹೊದ್ದಿದ್ದ ಕಂಬಳಿ ತುರುಕಿ ನಿಲ್ಲಿಸಿದ್ರು. ಮಾಲೀಕನಿಗೆ ಹೇಳಿದ್ರೆ, ಇದೊಂದು ಲೋಡು ಮುಗೀಲಿ ಅಂದ. ನಾನು ಎಲ್ಲರಿಗೂ ಹೇಳ್ದೆ ಭಾಯಿ. ಹೆಂಗಸಿನ ಮಾತು ಅಂತ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಸ್ಕೂಲಲ್ಲಿ ನನ್ನ ಮಗಳಿಗೆ ನಿದ್ದೆ ಡ್ರೈವರ್ ಮಗಳು ಅಂತಾರೆ."

ಸುದ್ದಿ ಕುಪ್ಪಗಡ್ಡೆ ಮುಟ್ಟಲು ತಡವಾಗಲಿಲ್ಲ. ಗಂಗಾಧರಪ್ಪ ಬಸ್ಸು ಹತ್ತಿ ಬಂದರು. "ಬ್ಯಾಡ ಸಾಬ್ರೆ. ನನ್ನ ಗಾಡೀಲಿ ಬಸುರಿ ಹೆಂಗಸ್ರು ಕೂರ್ತಾರೆ. ಆ ದೆವ್ವ ನಂಗೆ ಬ್ಯಾಡ."

"ಗೌಡ್ರೆ, ಬಾಯಿ ಮುಚ್ಚಿದ ಕೂಡ್ಲೆ ನಿಂತು ಹೋಯ್ತು. ಅದಕ್ಕೆ ಉಸಿರು ಬೇಕು. ಉಸಿರು ಬೇಕಾದದ್ದು ದೆವ್ವ ಹೆಂಗಾಗ್ತೈತೆ? ಸ್ವಲ್ಪ ತಡೀರಿ. ಏನಂತ ಗೊತ್ತಾಗದೆ ನಾನೂ ಕೂರಿಸಲ್ಲ."

ಹೇಳಿದ್ದೇನೋ ಹೇಳಿದರು, ಆದರೆ ಆ ದಿನಗಳಲ್ಲಿ ಅವರಿಗೂ ಶೆಡ್ಡಿನ ಬೀಗ ತೆಗೆಯುವಾಗ ಕೈ ತಡೆಯುತ್ತಿತ್ತು. ರಾತ್ರಿಯಿಡೀ ತಣ್ಣಗೆ ಕೂತಿದ್ದ ಇಂಜಿನ್ ಬೆಳಿಗ್ಗೆ ಮಾತ್ರ ಕಿರುಚುತ್ತಿತ್ತು. ಹಗಲು ಬಿಸಿಯಾದ ಮೇಲೆ ಪಾಪದ ಹಸುವಿನ ಹಾಗೆ ಇರುತ್ತಿತ್ತು. ಅದು ಏಕೆ ಎಂಬುದೇ ಹಿಡಿಯಲು ಸಿಕ್ಕ ಎಳೆ. ರಾತ್ರಿ ಏನು ಎಲ್ಲಿ ಇಳಿದು ಕೂರುತ್ತದೆ? ಒಂದೊಂದೇ ಪೈಪು ಬಿಚ್ಚುತ್ತ ಹೋದರು. ಇಂಜಿನ್ನಿನ ಹೊಟ್ಟೆಯ ಬಿಸಿ ಆವಿ ಹೊರಹೋಗುವ ಪೈಪನ್ನು ಹಿಂದೆ ಯಾರೋ ರಿಪೇರಿಯವರು ಹೊರಕ್ಕೆ ಬಿಡದೆ ಗಾಳಿಯ ಬಾಯಿಗೇ ತಿರುಗಿಸಿ ಕೂಡಿಸಿದ್ದರು. ಒಂದು ಪಿಸ್ಟನ್ನಿನ ರಿಂಗುಗಳು ಸವೆದಿದ್ದವು. ಹೊಟ್ಟೆಯ ಆಯಿಲ್ ಆ ದಾರಿಯಲ್ಲಿ ಮೇಲೇರಿ, ಗಾಳಿಯ ಕೊಳವೆಯಲ್ಲಿ ಮಡುಗಟ್ಟಿ ನಿಲ್ಲುತ್ತಿತ್ತು. ಬೆಳಿಗ್ಗೆ ಇಂಜಿನ್ ಆ ಆಯಿಲನ್ನೇ ಎಳೆದು ಕುಡಿದು ಓಡುತ್ತಿತ್ತು. ಡೀಸೆಲ್ ಕಟ್ಟಿದರೆ ಅದಕ್ಕೇನು? ಏರಿಯ ಇಳಿಜಾರಿನಲ್ಲಿ ಮೂತಿ ತಗ್ಗಿದಾಗ ಮಡುವಿನ ಆಯಿಲೆಲ್ಲ ಒಮ್ಮೆಲೇ ಒಳಗೆ ನುಗ್ಗಿರಬೇಕು. ಭತ್ತದ ಲೋಡು ಹಿಂದಿನಿಂದ ನೂಕುತ್ತಿತ್ತು, ಬ್ರೇಕು ಕಾದು ಜಾರಿತು, ಮುಂದೆ ತಿರುವು.

ಆ ಶುಕ್ರವಾರ ನಮಾಜು ಮುಗಿಸಿ ಬಂದವರನ್ನೂ ಪೇಟೆಯ ಹಿರಿಯರನ್ನೂ ಕುಬ್ರಾ ಬೀಯನ್ನೂ ಶೆಡ್ಡಿಗೆ ಕರೆದರು. ಕೊಳವೆಗೆ ಆಯಿಲ್ ಸುರಿದು ಇಂಜಿನ್ ಸ್ಟಾರ್ಟ್ ಮಾಡಿದರು. ಅದು ಕಿರುಚಿತು. ಜನ ಬಾಗಿಲ ಕಡೆ ನುಗ್ಗಿದರು. ಹಲಗೆ ಒತ್ತಿ ನಿಲ್ಲಿಸಿ, ಪೈಪನ್ನು ಹೊರಕ್ಕೆ ತಿರುಗಿಸಿ, ಕೊಳವೆ ಒರೆಸಿ ಮತ್ತೆ ಸ್ಟಾರ್ಟ್ ಮಾಡಿದರು. ಸಣ್ಣ ಸದ್ದು. ಜನ ಒಬ್ಬೊಬ್ಬರಾಗಿ ಮತ್ತೆ ಒಳಗೆ ಬಂದರು. ಕೊನೆಗೆ ಪರಮಶಿವಪ್ಪ ಕುಬ್ರಾ ಬೀ ಕಡೆ ತಿರುಗಿ, "ತಪ್ಪು ತಿಳ್ಕಂಡಿದ್ವಿ ಕಣಮ್ಮ" ಎಂದರು.

ಗಂಗಾಧರಪ್ಪನವರೂ ಒಪ್ಪಿದ ಮೇಲೆ ಹೊಸ ರಿಂಗು ಹಾಕಿ, ತಟ್ಟೆ ಕೊರೆದು, ಇಂಜಿನ್ನನ್ನು ಮಿಲಿಟರಿ ಗಾಡಿಗೆ ಕೂರಿಸಿದ್ದಾಯಿತು. ಗಾಳಿಯ ಬಾಯಿಗೆ ಒಂದು ತಗಡಿನ ಮುಚ್ಚಳ, ಅದರಿಂದ ಡ್ರೈವರಿನ ಕೈಗೊಂದು ತಂತಿ. ಎಳೆದರೆ ಬಾಯಿ ಮುಚ್ಚಿ ಇಂಜಿನ್ ನಿಲ್ಲಬೇಕು. ಇನ್ನು ಓಡಿಸಿ ನೋಡಬೇಕು. ಎಲ್ಲಿ ಎಂದು ಗಂಗಾಧರಪ್ಪ ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಹೊರಡುವ ಹೊತ್ತಿಗೆ ಕುಬ್ರಾ ಬೀ ಬಂದು, "ನಾನೂ ಕೂರ್ತೀನಿ" ಎಂದಳು. ಗಂಡ ಸತ್ತ ಜಾಗವನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಕೆರೆ ಏರಿಯ ಮೇಲೆ ನಸುಕಿನ ಮಂಜು. ನೀರು ಎಲ್ಲಿ ಮುಗಿಯಿತು, ಬಾನು ಎಲ್ಲಿ ಶುರುವಾಯಿತು ತಿಳಿಯದು. ಗಾಡಿಯ ಬೆಳಕಿನಲ್ಲಿ ತಿರುವಿನ ಕಲ್ಲುಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಇಳಿಜಾರು ಶುರುವಾದಾಗ ಕುಬ್ರಾ ಬೀ, ಗಾಡಿ ಓಡಿಸುತ್ತಿದ್ದ ಇನಾಯತ್ ಉಲ್ಲಾರ ತೋಳು ಮುಟ್ಟಿದಳು.

"ಕಾಲು ಎತ್ತಿ ಭಾಯಿ."

ಇನಾಯತ್ ಉಲ್ಲಾ ಆಕ್ಸಿಲರೇಟರಿನಿಂದ ಕಾಲು ಎತ್ತಿದರು. ಬ್ರೇಕನ್ನೂ ಮುಟ್ಟಲಿಲ್ಲ. ಒಂದು ಗಳಿಗೆ ಸದ್ದು ಹಾಗೇ ನಿಂತಿತು, ಏರಲೋ ಇಳಿಯಲೋ ಎಂದು ಯೋಚಿಸುವ ಹಾಗೆ. ಗಂಗಾಧರಪ್ಪನವರ ಕೈ ಮುಚ್ಚಳದ ತಂತಿಯ ಮೇಲಿತ್ತು. ಆಮೇಲೆ ಇಂಜಿನ್ ಮೆಲ್ಲಗೆ ತಗ್ಗಿತು. ಗಾಡಿ ತನ್ನ ಭಾರವನ್ನು ತಾನೇ ಹಿಡಿದುಕೊಂಡು ಎತ್ತಿನ ನಡಿಗೆಯಲ್ಲಿ ತಿರುವು ದಾಟಿತು. ಆಚೆ ನಿಲ್ಲಿಸಿದಾಗ ಕುಬ್ರಾ ಬೀ ಇಳಿದು ನೀರಿನ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದಳು. ಏನು ಹೇಳಿದಳೋ, ಇನಾಯತ್ ಉಲ್ಲಾರಿಗೆ ಕೇಳಿಸಲಿಲ್ಲ.

ಎರಡು ಮಳೆಗಾಲ ಕಳೆದಿವೆ. ಗಾಡಿ ಹಳ್ಳ ದಾಟುತ್ತಲೇ ಇದೆ. ಹೋದ ಆಷಾಢದಲ್ಲಿ ವರದಮ್ಮ ಎಂಬಾಕೆಗೆ ಹಳ್ಳದ ನಡುವೆ ಗಾಡಿಯಲ್ಲೇ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಇನಾಯತ್ ಉಲ್ಲಾ ಇದನ್ನು ತಾವಾಗಿ ಹೇಳುವುದಿಲ್ಲ, ಗಂಗಾಧರಪ್ಪ ಹೇಳುತ್ತಾರೆ. ಅಷ್ಟು ಒಳ್ಳೆಯ ಇಂಜಿನ್ ಆರಿಸಿದಿರಲ್ಲ ಎಂದರೆ ಇವರು ತಲೆಯಾಡಿಸುತ್ತಾರೆ.

"ಇಂಜಿನ್ನು ಇವತ್ತಲ್ಲ ನಾಳೆ ಕೆಡ್ತೈತ್ರೀ, ಅದ್ರಾಗೇನೈತೆ? ಸಿಕಂದರ್ ಹೆಸರು ಹೇಳೋವಾಗ ಈಗ ಊರಾಗೆ ಯಾರೂ ದನಿ ತಗ್ಗಿಸಲ್ಲ. ನನಗೂ ಕೇಳೋ ಹಂಗೆ ಹೇಳ್ತಾರೆ. ಸಾಕಲ್ವಾ?"