ಕಟಿಂಗ್ ಮಾಸ್ಟರನ ಹೊಟ್ಟೆಯ ಚೀಲ

ಕಟಿಂಗ್ ಮಾಸ್ಟರ್ ಆಸ್ಪತ್ರೆಯಿಂದ ಮನೆಗೆ ಬಂದಾಗ ಹೊಟ್ಟೆಯ ಎಡಗಡೆ ಒಂದು ಚೀಲ ಅಂಟಿಕೊಂಡಿತ್ತು. ಕೆಟ್ಟ ಕರುಳನ್ನು ಕತ್ತರಿಸಿ ತೆಗೆದು, ಉಳಿದದ್ದರ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಹೊಲಿದಿದ್ದರು. ಇನ್ನು ಮೇಲೆ ಮಲವೆಲ್ಲ ಆ ಚೀಲಕ್ಕೇ. ಜೀವ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಅವನಿಗೆ ಬೇಕಾಗಿದ್ದದ್ದು ಟೈಲರ್ ಅಂಗಡಿಯ ಕಟಿಂಗ್ ಮೇಜು.

ಅಂಗಡಿ ಹೆಂಡತಿಯ ತಮ್ಮನದು. ಆದರೆ ಗಿರಾಕಿಗಳು ಮೆಟ್ಟಿಲು ಹತ್ತುತ್ತಿದ್ದದ್ದು ಮಾಸ್ಟರನ ಕತ್ತರಿಯನ್ನು ನಂಬಿ. ಒಳಗೆ ಬಂದವರು ಮಾಲೀಕನಿಗೆ ಒಂದು ನಮಸ್ಕಾರ ಬಿಸಾಡಿ ನೇರ ಮೇಜಿನ ಕಡೆಗೆ ನಡೆಯುತ್ತಿದ್ದರು. ಭಾಮೈದನಿಗೆ ಇದು ಬಹಳ ವರ್ಷಗಳ ಹೊಟ್ಟೆಯುರಿ.

ಮಾಸ್ಟರೂ ಏನು ಕಡಿಮೆಯವನಲ್ಲ. ಕರುಳಿನ ತುದಿಯನ್ನು ಅಳೆದು, ಚೀಲವನ್ನು ಹೊಟ್ಟೆಗೆ ಹಿಡಿದಿಡುವ ಅಂಟುಬಿಲ್ಲೆಯಲ್ಲಿ ಅಷ್ಟೇ ಅಗಲದ ತೂತು ಕತ್ತರಿಸಬೇಕು ಎಂದು ಆಸ್ಪತ್ರೆಯ ನರ್ಸ್ ತೋರಿಸಿಕೊಟ್ಟಾಗ ಅವನು ಮೂಗು ಮುರಿದಿದ್ದ. "ನಂಗೇ ಕತ್ತರಿ ಹಿಡಿಯೋದು ಹೇಳಿಕೊಡ್ತೀರೇನಮ್ಮ?" ಮನೆಗೆ ಬಂದವನು ಕರುಳಿನ ಸುತ್ತ ಒಂದು ಬೆರಳು ಜಾಗ ಬಿಟ್ಟು ತೂತು ಕತ್ತರಿಸಿದ. ಬಟ್ಟೆಯಲ್ಲಿ ಹೊಲಿಗೆಗೆಂದು ಅಂಚು ಬಿಟ್ಟು ಬಿಟ್ಟು ಕೈ ಹಾಗೆ ಪಳಗಿತ್ತು. ಬಿಟ್ಟ ಜಾಗಕ್ಕೆಲ್ಲ ಮಲ ತಾಗಿ ಚರ್ಮ ಸುಲಿದು ಕೆಂಪಾಯಿತು. ಉರಿ ತಡೆಯಲಾರದೆ ಎಣ್ಣೆ ಸವರಿದ. ಎಣ್ಣೆಯ ಮೇಲೆ ಬಿಲ್ಲೆ ನಿಲ್ಲುತ್ತದೆಯೇ? ಜಾರಿತು. "ನಿನ್ನ ದರಿದ್ರ ಅಡುಗೆಯಿಂದ್ಲೇ ಇದೆಲ್ಲ" ಎಂದು ಹೆಂಡತಿಯನ್ನು ಬಾಯಿಗೆ ಬಂದಂತೆ ಬೈದ.

ಅವಳು ಬೈಗುಳ ನುಂಗಿಕೊಂಡು, ಕಿತ್ತು ಹಾಕಿದ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. "ಇದು ಪ್ಯಾಂಟಲ್ಲ ಕಣ್ರೀ, ಆಮೇಲೆ ಬಿಚ್ಚಿ ಸಡಿಲ ಮಾಡೋಕೆ. ಕರುಳಿನ ಬುಡಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ರೆ ಸಾಕು. ಅದರ ಊತ ಬೇರೆ ಇಳೀತಾ ಇದೆ, ಪ್ರತಿ ಸಲ ಅಳೀಬೇಕು." ಮಾಸ್ಟರನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಅವಳು ಹೇಳಿದಂತೆಯೇ ಮಾಡಿದ.

ಅಲ್ಲಿಂದ ಅವನು ಆ ಚೀಲದ ಕೆಲಸವನ್ನು ಕಸುಬಿನಂತೆ ಕಲಿತ. ಹೊಟ್ಟೆ ಶಾಂತವಾಗಿರುವ ಬೆಳಗಿನ ಹೊತ್ತು, ಏನೂ ತಿನ್ನುವ ಮುಂಚೆ ಬಿಲ್ಲೆ ಬದಲಾಯಿಸುತ್ತಿದ್ದ. ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒಣಗಿಸಿ, ಅಂಟಿಸಿದ ಮೇಲೆ ಅಂಗೈ ಇಟ್ಟು ಅದು ಬೆಚ್ಚಗಾಗುವವರೆಗೆ ಕೂರುತ್ತಿದ್ದ. ಈರುಳ್ಳಿ, ಮೊಟ್ಟೆ ತಿಂದರೆ ವಾಸನೆ ಹೆಚ್ಚೆಂದು ಕಂಡುಕೊಂಡು ಅವನ್ನು ಬಿಟ್ಟ. ಬೆಲ್ಟು ಚೀಲವನ್ನು ಒತ್ತದ ಹಾಗೆ ತನಗೇ ಎತ್ತರ ಸೊಂಟದ ಪ್ಯಾಂಟು ಹೊಲಿದುಕೊಂಡ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಹೆಂಡತಿ ದಿನವೂ ಹೇಳುತ್ತಿದ್ದಳು: ಮೂರರಲ್ಲೊಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಬೇಕು, ಭಾರವಾದರೆ ಬಿಲ್ಲೆ ಕಿತ್ತು ಬರುತ್ತದೆ.

ಅಂಗಡಿಗೆ ಮರಳಿದಾಗ ಹೊಲಿಗೆ ಮಿಷನ್ನಿನ ಮುಂದೆ ಕೂತವರು ಉಸಿರೆಳೆದು ನೋಡಿದರು. ವಾಸನೆ ಬರಲಿಲ್ಲ. ಅವರಿಗೆ ನಿರಾಸೆಯೇ ಆಗಿರಬೇಕು. ಹಳೆಯ ಗಿರಾಕಿಗಳು ಮತ್ತೆ ಮೇಜಿಗೇ ಬಂದರು. ಅದಾದ ವಾರಕ್ಕೆ ಹಿತ್ತಲ ಕಕ್ಕಸಿಗೆ ಬೀಗ ಬಿತ್ತು.

"ದಾರೀಲಿ ಹೋಗೋರೆಲ್ಲ ನುಗ್ತಾರೆ ಭಾವ. ಬೇಕಾದಾಗ ಕೇಳು, ಕೊಡ್ತೀನಿ" ಎಂದ ಭಾಮೈದ. ಕೇಳಿದಾಗಲೆಲ್ಲ ಅಂಗಡಿಗೇ ಕೇಳುವಂತೆ "ಏನ್ ಭಾವ, ಚೀಲ ತುಂಬ್ತಾ?" ಎಂದು ಕೂಗಿ ಕೀಲಿಕೈ ಕೊಡುತ್ತಿದ್ದ. ಮಿಷನ್ನಿನವರು ಕಿಸಕ್ಕನೆ ನಗುತ್ತಿದ್ದರು. ಮಾಸ್ಟರ್ ಹಲ್ಲು ಕಚ್ಚಿ ಸಹಿಸಿದ, ಮೇಜೊಂದು ಉಳಿದರೆ ಸಾಕಾಗಿತ್ತು.

ಒಂದು ಮಧ್ಯಾಹ್ನ ವಕೀಲರೊಬ್ಬರು ಸೂಟಿಗೆ ಅಳತೆ ಕೊಡಲು ಬಂದರು. ಅಷ್ಟರಲ್ಲಿ ಚೀಲ ಅರ್ಧ ದಾಟಿತ್ತು. ಮಾಸ್ಟರ್ ಕೀಲಿಕೈ ಕೇಳಿದ.

"ಎಲ್ಲೋ ಇಟ್ಬಿಟ್ಟೆ ಭಾವ, ಹುಡುಕ್ತೀನಿ. ನೀನು ಅಳತೆ ಮುಗಿಸು."

"ಹಂಗಾದ್ರೆ ಎದುರು ಹೋಟ್ಲಿಗೆ ಹೋಗಿ ಬಂದೆ."

"ಇಂಥ ಗಿರಾಕೀನ ನಿಲ್ಸಿ ಹೋಗ್ತೀಯಾ? ಹೋಗೋದಾದ್ರೆ ಹಂಗೇ ಮನೆಗೆ ಹೋಗು."

ಮಾಸ್ಟರ್ ನಿಂತ. ಎದೆ, ಭುಜ, ತೋಳು ಅಳೆದ. ಕಾಲಿನ ಉದ್ದಕ್ಕೆಂದು ಮಂಡಿಯೂರಿ ಬಾಗಿದಾಗ ಬಿಲ್ಲೆಯ ಕೆಳ ಅಂಚು ಎದ್ದಿತು. ತೊಡೆಯ ಮೇಲೆ ಬಿಸಿಯಾಗಿ ಇಳಿಯಿತು. ವಕೀಲರು ಕರ್ಚೀಫು ಮೂಗಿಗೆ ಹಿಡಿದು ಹಿಂದೆ ಸರಿದರು.

"ಕ್ಷಮಿಸಿ ಸಾರ್, ಅಕ್ಕನ ಮುಖ ನೋಡಿ ಇಟ್ಕೊಂಡಿದ್ದೆ" ಎಂದು ಭಾಮೈದ ಓಡಿ ಬಂದ. ಮಂಡಿಯೂರಿದ್ದ ಮಾಸ್ಟರನ ಕಣ್ಣಿನ ನೇರಕ್ಕೆ ಅವನ ಪ್ಯಾಂಟಿನ ಜೇಬು ಬಂತು. ಆ ಪ್ಯಾಂಟು ಕತ್ತರಿಸಿದ್ದು ಮಾಸ್ಟರೇ. ಮೈಗೆ ಅಂಟುವ ಹಾಗೆ ಕೂತಿದ್ದ ಬಟ್ಟೆಯಡಿ ಕೀಲಿಕೈಯ ಹಲ್ಲುಗಳು ಸ್ಪಷ್ಟವಾಗಿ ಕಂಡವು.

"ಕೀ ನಿನ್ನ ಜೇಬಲ್ಲೇ ಇದೆ."

ಭಾಮೈದ ಬಗ್ಗಿದ, ಅವನಿಗಷ್ಟೇ ಕೇಳುವಂತೆ ಹೇಳಿದ: "ಇದೆ. ಏನೀಗ?"

ಸುದ್ದಿ ಕೇಳಿ ಹೆಂಡತಿ ಬೇರೆ ಬಟ್ಟೆ ಹಿಡಿದು ಬಂದಳು. ತಮ್ಮ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡು ಬಹಳ ಹೊತ್ತು ಮಾತಾಡಿದ, ನಡುವೆ ಒಮ್ಮೆ ಕಣ್ಣೊರೆಸಿಕೊಂಡ. ಕಕ್ಕಸಿನ ಬೀಗವೂ ತೆರೆಯಿತು. ಮಾಸ್ಟರ್ ತೊಳೆದುಕೊಂಡು ಹೊರಬರುವ ಹೊತ್ತಿಗೆ ಅವನ ಮೇಜಿನ ಮುಂದೆ ಮಿಷನ್ನಿನವನೊಬ್ಬ ನಿಂತು ಬಟ್ಟೆ ಹರಡುತ್ತಿದ್ದ.

ರಸ್ತೆಯಲ್ಲಿ ಹೆಂಡತಿ ಅವನ ಕಡೆ ತಿರುಗಲಿಲ್ಲ. "ತುಂಬೋಕೆ ಬಿಡಬೇಡಿ ಅಂತ ದಿನಾ ಬಡ್ಕೊಂಡೆ. ಅವನು ಕೀ ಹಿಡ್ಕೊಂಡು ಕರೀತಾನೇ ಇದ್ನಂತೆ, ನಿಮಗೆ ಅಳತೆನೇ ಹೆಚ್ಚಾಯ್ತಂತೆ."

"ಅವನು ಕೊಡ್ಲಿಲ್ಲ ಕಣೇ."

"ಬೈಯೋಕೆ ಇಷ್ಟು ದಿನ ನಾನಿದ್ದೆ" ಎಂದಳು ಅವಳು, "ಈಗ ನನ್ನ ತಮ್ಮ ಸಿಕ್ಕಿದ."